ಕ್ರಿಯಾಟಿನಿನ್ ಚಲೋ ಅದ, ಕಾಂಟಾ ಏನಂತದ?

ಸೇಡಂನ ನಮ್ಮ ಸೋದರಮಾವ ಮೂವತ್ತು ವರ್ಷ ಸಿಮೆಂಟ್ ಲಾರಿ ಓಡಿಸಿದವರು. ಕಿಡ್ನಿ ಕಸಿಯಾಗಿ ಹನ್ನೊಂದು ತಿಂಗಳಾದ ಮೇಲೆ ನೋಡಲು ಹೋದರೆ ಬಾಗಿಲಲ್ಲಿ ನಿಂತವರ ಗುರುತು ಸಿಗಲು ಒಂದು ಗಳಿಗೆ ಹಿಡಿಯಿತು. ಡಯಾಲಿಸಿಸ್‌ ಕಾಲದಲ್ಲಿ ಕೆನ್ನೆ ಒಳಸೇರಿ, ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿದ್ದ ಮನುಷ್ಯ. ಈಗ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ, ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದು ನಿಂತಿವೆ. ‘ಮಾರಿ ಎಷ್ಟ್ ತುಂಬ್ಯಾದ ನೋಡಪಾ, ದೇವ್ರು ಕಣ್ಣ ತೆರದ’ ಎಂದರು ಅತ್ತಿ. ಕಿಡ್ನಿ ಕೊಟ್ಟವರೂ ಅವರೇ. ಕಿಡ್ನಿಯ ಕೆಲಸ ಹೇಗಿದೆಯೆಂದು ಹೇಳುವ ಕ್ರಿಯಾಟಿನಿನ್ 1.2 ಎಂದು ಬರೆದ ರಿಪೋರ್ಟನ್ನು ಮಗಳ ಮದುವೆ ಪತ್ರಿಕೆ ಹಿಡಿದಂತೆ ಹಿಡಿದು ತೋರಿಸಿದರು. ಕಲಬುರಗಿಯಿಂದ ಕಟ್ಟಿಸಿಕೊಂಡು ಹೋಗಿದ್ದ ಒಂದು ಕಿಲೋ ಮಾಲ್ಪುರಿಯನ್ನು ನಾನು ಅವರ ಕೈಗಿಟ್ಟೆ. ಈ ಬರಹಕ್ಕೆ ಆ ಮಾಲ್ಪುರಿಯೂ ಒಂದು ಕಾರಣ.

ಚಹಾ ಕುಡಿಯುತ್ತ ತೂಕ ಎಷ್ಟು ಎಂದು ಕೇಳಿದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಶ್ಚರ್ಯವೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದರೆ ಇಡೀ ಸೀಮೆಯೇ ತೂಕದ ಮೇಲೆ ಬದುಕುವಂಥದ್ದು. ಕಾರ್ಖಾನೆಯ ಗೇಟಿನಲ್ಲಿ ಖಾಲಿ ಲಾರಿ ಕಾಂಟಾ ಏರುತ್ತದೆ, ತುಂಬಿದ ಲಾರಿ ಮತ್ತೆ ಏರುತ್ತದೆ. ಸಿಮೆಂಟ್ ಚೀಲ ಐವತ್ತು ಕಿಲೋ, ತೊಗರಿ ಕ್ವಿಂಟಲ್ ಲೆಕ್ಕ, ಫರ್ಸಿ ಕಲ್ಲೂ ಲೋಡಿನ ಲೆಕ್ಕ. ಕಾಂಟಾ ಏರದೆ ಇರುವುದು ಮನುಷ್ಯ ಮಾತ್ರ. ಕೊನೆಗೆ ಓಣಿಯ ತುದಿಯ ತೊಗರಿ ಅಂಗಡಿಯಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಂಟಾದ ಮೇಲೆ ಮಾವ ಚಪ್ಪಲಿ ಬಿಟ್ಟು ನಿಂತರು. 71 ಕಿಲೋ. ಆಸ್ಪತ್ರೆಯ ಪುಸ್ತಕದಲ್ಲಿ ಕಡೆಯ ಡಯಾಲಿಸಿಸ್ ದಿನದ ತೂಕ 54 ಎಂದಿತ್ತು. ಕಾಯಿಲೆ ಬೀಳುವ ಮುಂಚಿನ ಲೈಸೆನ್ಸು ದಿನಗಳಲ್ಲಿ 62 ಇದ್ದರಂತೆ. ಅಂದರೆ ಕಳೆದುಕೊಂಡಿದ್ದು ಬಂದು, ಮೇಲೆ ಒಂಬತ್ತು ಕಿಲೋ ಬಡ್ಡಿಯೂ ಬಂದಿತ್ತು. ಎತ್ತರ ಐದಡಿ ಐದಿಂಚು. ಲೆಕ್ಕ ಹಾಕಿದರೆ ಬಿಎಂಐ 26. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಮಾವನ ಹೊಟ್ಟೆಗೆ ಟೇಪು ಹಿಡಿಯುವ ಧೈರ್ಯ ನನಗಾಗಲಿಲ್ಲ.

ಇದು ನಮ್ಮ ಮಾವನೊಬ್ಬರ ಕತೆಯಲ್ಲ. ಕಿಡ್ನಿ ಕಸಿಯಾದ ಮೊದಲ ವರ್ಷದಲ್ಲಿ ಐದರಿಂದ ಹತ್ತು ಕಿಲೋ ಏರುವುದು ಲೋಕದೆಲ್ಲೆಡೆ ಕಾಣುವ ಮಾತು. ಇದನ್ನು ತಿನ್ನುಬಾಕತನ ಎಂದು ಬೈಯುವವರು ಡಯಾಲಿಸಿಸ್ ರೋಗಿಯ ಅಡುಗೆಮನೆ ನೋಡಿಲ್ಲ. ಅಲ್ಲಿ ನೀರು ಲೋಟದ ಲೆಕ್ಕ. ಕಾಯಿಪಲ್ಯೆ ಹೆಚ್ಚಿ, ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ಸಪ್ಪೆಯಾದದ್ದನ್ನು ತಿನ್ನಬೇಕು, ಇಲ್ಲವಾದರೆ ಪೊಟ್ಯಾಸಿಯಂ ಏರುತ್ತದೆ. ಟೊಮ್ಯಾಟೊ ಬೇಡ, ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿಯ ಮಾತೇ ಬೇಡ. ರಕ್ತದಲ್ಲಿ ಯೂರಿಯಾ ಏರಿದ ನಾಲಿಗೆಗೆ ಹೋಳಿಗೆಯೂ ಕಬ್ಬಿಣ ನೆಕ್ಕಿದ ಹಾಗೆ. ಹೀಗೆ ವರ್ಷಗಟ್ಟಲೆ ಬದುಕಿದವನಿಗೆ ಹೊಸ ಕಿಡ್ನಿ ಕೂತ ವಾರದೊಳಗೆ ಹಸಿವೆ ಬರುತ್ತದೆ, ರುಚಿ ಬರುತ್ತದೆ. ಮಾವ ಹೇಳಿದ್ದು: ‘ಆಸ್ಪತ್ರ್ಯಾಗ ಮೊದಲ ದಿನ ಬ್ಯಾಳಿ ಸಾರಿನ ವಾಸನಿ ಬಂತು ನೋಡು, ಕಣ್ಣಾಗ ನೀರು ಬಂತು.’

ಇದರ ಜೊತೆಗೆ ಸ್ಟೀರಾಯ್ಡ್. ಮೈ ಹೊಸ ಕಿಡ್ನಿಯನ್ನು ಪರರದೆಂದು ತಿರಸ್ಕರಿಸದಿರಲಿ ಎಂದು ಕೊಡುವ ಗುಳಿಗೆಗಳಲ್ಲಿ ಪ್ರೆಡ್ನಿಸೊಲೋನ್ ಒಂದು. ಆರಂಭದಲ್ಲಿ ಡೋಸು ಹೆಚ್ಚು, ತಿಂಗಳುಗಳಲ್ಲಿ ಇಳಿಸುತ್ತ ಬರುತ್ತಾರೆ. ಅದು ಹಸಿವನ್ನು ಕೆರಳಿಸುತ್ತದೆ. ಕೈಕಾಲಿನ ಸ್ನಾಯು ಸವೆಸಿ, ಕೊಬ್ಬನ್ನು ಹೊಟ್ಟೆ, ಮುಖ, ಕುತ್ತಿಗೆಯ ಹಿಂಭಾಗಕ್ಕೆ ಒಯ್ದು ಪೇರಿಸುತ್ತದೆ. ಅತ್ತಿ ಕಂಡ ‘ತುಂಬಿದ ಮಾರಿ’ಯಲ್ಲಿ ದೇವರ ಪಾಲೆಷ್ಟೋ ಗೊತ್ತಿಲ್ಲ, ಸ್ಟೀರಾಯ್ಡಿನ ಪಾಲು ದೊಡ್ಡದು.

ಮೂರನೆಯ ಕಾರಣ ಯಾವ ವೈದ್ಯಪುಸ್ತಕದಲ್ಲೂ ಇರಲಿಕ್ಕಿಲ್ಲ: ಬಾಣಂತನ. ನಮ್ಮ ಕಡೆ ಕಸಿಯಾಗಿ ಬಂದವರನ್ನು ಬಾಣಂತಿಯಂತೆಯೇ ನೋಡಿಕೊಳ್ಳುತ್ತಾರೆ. ಕಿವಿಗೆ ಬಟ್ಟೆ, ಕೋಣೆಯ ಮೂಲೆಯಲ್ಲಿ ಹೊರಸು, ಬಿಸಿ ಅನ್ನಕ್ಕೆ ತುಪ್ಪ, ಎದ್ದರೆ ‘ಏಳಬ್ಯಾಡ’, ನಡೆದರೆ ‘ನಡೀಬ್ಯಾಡ’. ಹೊಲಿಗೆ ಆರುವ ಮೊದಲ ಆರೆಂಟು ವಾರ ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದು ನಿಜ. ಅದು ವರ್ಷದ ಕೊನೆಯವರೆಗೂ ನೀರಿನ ಚರಿಗೆ ಎತ್ತಬಾರದು ಎಂದಾಗಿರುತ್ತದೆ. ಮಾವನ ಅಳಿಯ ಶಹಾಬಾದದಿಂದ ಬಂದರೆ ಶೇಂಗಾ ಹೋಳಿಗೆ, ಚಿಂಚೋಳಿಯ ಬೀಗರು ಬಂದರೆ ಮಾಲದಿ, ನಾನು ಬಂದರೆ ಮಾಲ್ಪುರಿ. ಪ್ರೀತಿಗೆ ನಮ್ಮಲ್ಲಿ ಬೇರೆ ಭಾಷೆ ಕಡಿಮೆ.

ತೂಕ ಏರುವುದು ಮೊದಲು ಕಣ್ಣಿಗೆ ಬೀಳುವುದೂ ಇಲ್ಲ. ಕಿಡ್ನಿ ಕೆಲಸ ಶುರು ಮಾಡುತ್ತಲೇ ಮೈಯಲ್ಲಿ ನಿಂತ ನೀರು ಇಳಿದು ಕಾಂಟಾ ಕೆಳಗೆ ಹೋಗುತ್ತದೆ. ‘ಇಳದಾನ, ತಿನ್ಲಿ ಬಿಡ್ರಿ’ ಎಂದು ಮನೆಯವರು ಬಡಿಸುತ್ತಾರೆ. ನೀರು ಹೋದ ಜಾಗಕ್ಕೆ ಕೊಬ್ಬು ಬಂದು ಕೂತದ್ದು ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿರುತ್ತದೆ. ಇದನ್ನು ವಿವರಿಸಿದಾಗ ಮಾವ ತಟ್ಟನೆ ಹಿಡಿದರು: ‘ಖಾಲಿ ಗಾಡಿ ತೂಕ ಬರ್ಕೊಳ್ದೆ ಲೋಡ್ ಎಷ್ಟಂತ ಹೆಂಗ ಹೇಳ್ತೀ?’ ಡಯಾಲಿಸಿಸ್‌ನವರು ಡ್ರೈ ವೇಟ್ ಎನ್ನುವುದು ಇದನ್ನೇ. ನೀರಿಳಿದ ಮೇಲಿನ ಮೊದಲ ತೂಕ ಎಷ್ಟೆಂದು ಡಾಕ್ಟರನ್ನೇ ಕೇಳಿ ಬರೆದುಕೊಂಡರೆ ಮುಂದಿನ ಲೆಕ್ಕಕ್ಕೆ ಅದೇ ಬುಡ.

ಹೊಟ್ಟೆ ಕಾಣುತ್ತದೆ, ರಕ್ತದ ಕೊಬ್ಬು ಕಾಣುವುದಿಲ್ಲ. ತೆಳ್ಳಗಿರುವವರಲ್ಲೂ ಕಸಿಯ ನಂತರ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಏರುತ್ತವೆ, ಕಾರಣ ಗುಳಿಗೆಗಳೇ. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಒಂದು ಲಾರಿ ಇದ್ದ ಹಾಗೆ. ಮಾಲು ಇಳಿಸಲು ಅದು ಯಕೃತ್ತಿನ ಗೇಟಿಗೆ ಬರಬೇಕು. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಕಸಿಯ ಚರಿತ್ರೆಯನ್ನೇ ಬದಲಿಸಿದ ಸೈಕ್ಲೋಸ್ಪೋರಿನ್ ಆ ಗೇಟನ್ನು ಅರ್ಧ ಮುಚ್ಚುತ್ತದೆ. ವಾಡಿಯ ಕಾರ್ಖಾನೆಯ ಮುಂದೆ ಲಾರಿ ಸಾಲು ನಿಂತಂತೆ ಎಲ್‌ಡಿಎಲ್ ರಕ್ತದಲ್ಲೇ ನಿಲ್ಲುತ್ತದೆ. ಈಗ ಹೆಚ್ಚಿನವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಈ ವಿಷಯದಲ್ಲಿ ಸೌಮ್ಯ, ಆದರೆ ಅದು ಸಕ್ಕರೆ ಕಾಯಿಲೆ ತಂದಿಡಬಲ್ಲದು. ಸ್ಟೀರಾಯ್ಡ್ ಜೊತೆಗಿದ್ದರೆ ಇನ್ನೂ ಬೇಗ. ಸಿರೋಲಿಮಸ್, ಎವೆರೋಲಿಮಸ್ ಕೊಬ್ಬು ಏರಿಸುವುದರಲ್ಲಿ ಎಲ್ಲರಿಗಿಂತ ಮುಂದೆ. ಮೈಕೋಫಿನೋಲೇಟ್, ಅಜಥಿಯೋಪ್ರಿನ್ ಇದರಲ್ಲಿ ತಲೆ ಹಾಕುವುದಿಲ್ಲ. ಹಾಗೆಂದು ಯಾರೂ ತಮ್ಮ ಗುಳಿಗೆಯನ್ನು ತಾವೇ ಬದಲಿಸುವಂತಿಲ್ಲ.

ಇಲ್ಲಿ ದನಿ ಏರಿಸಿಯೇ ಹೇಳಬೇಕು. ದಪ್ಪ ಆಗುತ್ತೇನೆಂದು, ಮುಖ ಊದುತ್ತದೆಂದು ಗುಳಿಗೆ ಬಿಡುವವರಿದ್ದಾರೆ. ಮದುವೆ ವಯಸ್ಸಿನ ಹುಡುಗಿಯರು ಮುಖ್ಯವಾಗಿ. ನಾಲ್ಕು ದಿನ ಬಿಟ್ಟರೆ ತೂಕ ಇಳಿಯುವುದಿಲ್ಲ, ತಾಯಿಯೋ ಹೆಂಡತಿಯೋ ಕೊಟ್ಟ ಕಿಡ್ನಿ ಹೋಗುತ್ತದೆ. ಡೋಸು ಇಳಿಸಬಹುದೇ, ಗುಳಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳುವ ಹಕ್ಕು ರೋಗಿಗಿದೆ. ಕೇಳಬೇಕು, ಬಿಡಬಾರದು.

ಕೊಬ್ಬಿಗೇಕೆ ಇಷ್ಟು ಗದ್ದಲ? 1954ರ ಡಿಸೆಂಬರಿನಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದಾಗ, 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಮ್ಮ ದೇಶದ ಮೊದಲ ಯಶಸ್ವಿ ಕಸಿ ಮಾಡಿದಾಗ, ಎಲ್ಲರ ಚಿಂತೆ ಕಿಡ್ನಿ ಉಳಿಯುತ್ತದೆಯೇ ಎಂಬುದೊಂದೇ. ಈಗ ಕಿಡ್ನಿ ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಅದು ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಮನುಷ್ಯ ಹೋಗಿಬಿಡುತ್ತಾನೆ. ಹಾಗೆ ಹೋಗುವುದಕ್ಕೆ ದೊಡ್ಡ ಕಾರಣಗಳು ಸೋಂಕು ಮತ್ತು ಹೃದಯ. 1999ರಲ್ಲಿ ಬಳ್ಳಾರಿಯಲ್ಲಿ ಚುನಾವಣೆಗೆ ನಿಂತು, ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದ ಸುಷ್ಮಾ ಸ್ವರಾಜ್ ಅವರನ್ನು ನಮ್ಮ ಭಾಗದ ಜನ ಮರೆತಿಲ್ಲ. ತಮ್ಮ ಕಿಡ್ನಿ ಸೋತ ವಿಷಯವನ್ನು ವಿದೇಶಾಂಗ ಮಂತ್ರಿಯಾಗಿದ್ದಾಗಲೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡು, 2016ರ ಡಿಸೆಂಬರಿನಲ್ಲಿ ದಿಲ್ಲಿಯ ಏಮ್ಸ್‌ನಲ್ಲಿ ಕಸಿ ಮಾಡಿಸಿಕೊಂಡರು. ಮತ್ತೆ ಕೆಲಸಕ್ಕೆ ಮರಳಿದರು. 2019ರ ಆಗಸ್ಟ್ 6ರ ರಾತ್ರಿ ಅವರು ತೀರಿಕೊಂಡದ್ದು ಹೃದಯಸ್ತಂಭನದಿಂದ. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತು. ಹೃದಯ ನಿಂತದ್ದು ಇಂಥದ್ದರಿಂದಲೇ ಎಂದು ಹೊರಗಿನ ನಾವು ಬೆರಳಿಡುವುದು ತಪ್ಪು. ಆದರೆ ಕಸಿಯ ನಂತರದ ಕಾವಲು ಹೊಟ್ಟೆಯ ಕೆಳಗಿನ ಹೊಸ ಕಿಡ್ನಿಗಷ್ಟೇ ಸಾಲದೆಂದು ಆ ಸುದ್ದಿ ಓದಿದ ದಿನ ನನಗೆ ಅನಿಸಿತ್ತು.

ಇನ್ನೊಂದು ವಿಚಿತ್ರವಿದೆ. ಡಯಾಲಿಸಿಸ್‌ನಲ್ಲಿ ಇರುವವರಲ್ಲಿ ಸ್ವಲ್ಪ ದಪ್ಪಗಿರುವವರೇ ಹೆಚ್ಚು ದಿನ ಬಾಳುವುದನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಸೊರಗಿದವರ ಕೊಲೆಸ್ಟರಾಲ್ ಕಡಿಮೆ, ಆಯುಷ್ಯವೂ ಕಡಿಮೆ. ‘ತಿನ್ನು, ಇಲ್ಲಾಂದ್ರ ಉಳಿಯಂಗಿಲ್ಲ’ ಎಂದು ಅತ್ತಿ ಮೂರು ವರ್ಷ ಒತ್ತಾಯ ಮಾಡಿದ್ದು ತಪ್ಪಲ್ಲ. ಕಸಿಯಾದ ದಿನ ಲೆಕ್ಕ ಮಗುಚಿಬೀಳುತ್ತದೆ. ಅದುವರೆಗೆ ಕಾಪಾಡಿದ ಮಾತೇ ಅಲ್ಲಿಂದ ಮುಂದೆ ಅಪಾಯ. ಅತ್ತಿಗೆ ಯಾರೂ ಇದನ್ನು ಹೇಳಿರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಗುಳಿಗೆಗಳ ಹೆಸರು ಎರಡು ಪುಟ, ಊಟದ ಬಗ್ಗೆ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ.

ನಮ್ಮ ಕಡೆಯವರು ಕಸಿಗೆ ಹೋಗುವುದು ಹೆಚ್ಚಾಗಿ ಹೈದರಾಬಾದಿಗೆ, ಕೆಲವರು ಬೆಂಗಳೂರಿಗೆ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ಹೋಗುವ ಹಳಿ ನಿಜಾಮನ ಕಾಲದ್ದು, 1874ರದ್ದು. ಮಾವನ ತಪಾಸಣೆಯ ದಿನ ಹೀಗಿರುತ್ತದೆ: ರಾತ್ರಿ ಒಂಬತ್ತಕ್ಕೆ ಟ್ಯಾಕ್ರೋಲಿಮಸ್ ನುಂಗಿ ಮಲಗುವುದು. ಬೆಳಿಗ್ಗೆ ರೈಲಿನಲ್ಲಿ ಒಂಬತ್ತರ ಗುಳಿಗೆ ನುಂಗುವಂತಿಲ್ಲ. ಔಷಧಿ ರಕ್ತದಲ್ಲಿ ತಳಕ್ಕಿಳಿದ ಹೊತ್ತಿನ ಮಟ್ಟ ನೋಡಬೇಕಾದ್ದರಿಂದ ರಕ್ತ ಕೊಟ್ಟ ಮೇಲೆಯೇ ಅದು ಬಾಯಿಗೆ. ಹಾಗಾಗಿ ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಅಂಗಿಯ ಎಡಕಿಸೆಯಲ್ಲಿ ಇಟ್ಟುಕೊಂಡಿರುತ್ತಾರೆ. ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ಚಹಾ ಮಾರುವವನು ಬಂದರೂ ಇಲ್ಲ, ಬರಿಹೊಟ್ಟೆ. ಆ ಬರಿಹೊಟ್ಟೆಯಲ್ಲಿ, ಅದೇ ಸೂಜಿಯಲ್ಲಿ ಇನ್ನೊಂದು ಸಣ್ಣ ಬಾಟಲಿ ರಕ್ತ ತೆಗೆದರೆ ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲೂ ಆಗುತ್ತದೆ. ಹನ್ನೊಂದು ತಿಂಗಳ ಫೈಲಿನಲ್ಲಿ ಕ್ರಿಯಾಟಿನಿನ್ ಹದಿನೆಂಟು ಸಲ ಇತ್ತು, ಲಿಪಿಡ್ ಪ್ರೊಫೈಲ್ ಒಂದು ಸಲ, ಅದೂ ಆಪರೇಷನ್ನಿನ ಮುಂಚಿನದು. ಕೇಳದಿದ್ದರೆ ಬರೆಯುವುದಿಲ್ಲ; ಗದ್ದಲದ ಒಪಿಡಿಯಲ್ಲಿ ಡಾಕ್ಟರಿಗೆ ಸಿಗುವುದು ನಾಲ್ಕು ನಿಮಿಷ. ಹೈದರಾಬಾದಿಗೇ ಹೋಗಬೇಕೆಂದೂ ಇಲ್ಲ, ನಮ್ಮ ತಾಲೂಕಿನ ಲ್ಯಾಬಿನಲ್ಲೂ ಈ ಪರೀಕ್ಷೆ ಆಗುತ್ತದೆ.

ಕೊಬ್ಬು ಏರಿದ್ದರೆ ಸ್ಟಾಟಿನ್ ಗುಳಿಗೆ ಕೊಡುತ್ತಾರೆ. ಇದು ಕಸಿಯಾದವರಿಗೆ ನಾಟುತ್ತದೆಯೇ ಎಂದು 2,102 ಜನರ ಮೇಲೆ ಐದಾರು ವರ್ಷ ನಡೆದ ‘ಅಲರ್ಟ್’ ಎಂಬ ಅಧ್ಯಯನ 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಫ್ಲುವಾಸ್ಟಾಟಿನ್ ತಗೊಂಡವರ ಎಲ್‌ಡಿಎಲ್ ಹತ್ತಿರ ಹತ್ತಿರ ಮೂರನೇ ಒಂದರಷ್ಟು ಇಳಿಯಿತು. ಎಲ್ಲ ಬಗೆಯ ಹೃದಯದ ತೊಂದರೆಗಳನ್ನೂ ಒಟ್ಟು ಹಿಡಿದು ನೋಡಿದರೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯಾಘಾತ ಮತ್ತು ಹೃದಯದಿಂದಾದ ಸಾವು, ಇವೆರಡನ್ನೇ ತೆಗೆದುಕೊಂಡರೆ 35 ಪ್ರತಿಶತ ಕಡಿಮೆ. ಇಂಥ ಅರೆಗೆಲುವಿನ ಫಲಿತಾಂಶವನ್ನು ನಂಬಬಹುದೆಂದು ನನ್ನ ಎಣಿಕೆ, ಪೂರ್ಣ ಗೆಲುವಿನ ಜಾಹೀರಾತಿಗಿಂತ. ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ 2013ರಿಂದ ವಯಸ್ಕ ಕಸಿರೋಗಿಗಳಿಗೆ ಸ್ಟಾಟಿನ್ ಸೂಚಿಸುತ್ತ ಬಂದಿದೆ. ಆದರೆ ಪಕ್ಕದ ಮನೆಯವರ ಕೊಲೆಸ್ಟರಾಲ್ ಗುಳಿಗೆ ಕೇಳಿ ನುಂಗುವ ಹಾಗಿಲ್ಲ. ಸೈಕ್ಲೋಸ್ಪೋರಿನ್ ಇರುವವರಿಗೆ ಸಿಮ್ವಾಸ್ಟಾಟಿನ್ ಕೂಡದು, ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಬಹಳ ಕಡಿಮೆ ಡೋಸಿನಲ್ಲಿ ಮಾತ್ರ. ತಪ್ಪಿದರೆ ಸ್ನಾಯು ಕರಗಿ, ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿ, ಕಿಡ್ನಿಗೇ ಪೆಟ್ಟು. ಚಕ್ಕೋತ ಹಣ್ಣೂ ಬೇಡ. ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಮೇಲಕ್ಕೆ ತಳ್ಳುತ್ತದೆ. ತೂಕ ಇಳಿಸುವ ಪುಡಿ, ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಕಷಾಯಗಳಲ್ಲಿ ಏನಿದೆಯೋ ಮಾರುವವನಿಗೂ ಗೊತ್ತಿರುವುದಿಲ್ಲ. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ಎಂಬ ಹೊಸ ಮದ್ದು ಸಕ್ಕರೆ ಕಾಯಿಲೆಯ ಕಿಡ್ನಿರೋಗಿಗಳಿಗೆ ಉಪಕಾರಿ ಎಂದು 2024ರಲ್ಲಿ ಸಿದ್ಧವಾಗಿದೆ. ಕಸಿಯಾದವರಲ್ಲಿ ಅದರ ಅನುಭವ ಸಣ್ಣ ಸಣ್ಣ ಗುಂಪುಗಳದ್ದು.

ಊಟಕ್ಕೆ ಬರೋಣ. ಡಯಟ್ ಚಾರ್ಟ್ ಎಂದು ಪಟ್ಟಣದಿಂದ ಬರುವ ಕಾಗದದಲ್ಲಿ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ ಇರುತ್ತವೆ. ಮಾವ ಅದನ್ನು ಮಡಿಚಿ ಕಿಟಕಿಯ ಸಂದಿಗೆ ತುರುಕಿದ್ದರು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ ಇರುವ ನೆಲದಲ್ಲಿ ಓಟ್ಸ್ ಯಾಕೆ ಬೇಕು? 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯಲ್ಲಿ ಪ್ರೋಟೀನೂ ಇದೆ, ನಾರೂ ಇದೆ. ಪೊಟ್ಯಾಸಿಯಂ ಏರಿಲ್ಲದಿದ್ದರೆ ಸೊಪ್ಪಿಗೂ ಅಡ್ಡಿಯಿಲ್ಲ. ತೊಡಕಿರುವುದು ರೊಟ್ಟಿಯಲ್ಲಲ್ಲ, ರೊಟ್ಟಿಯ ಪಕ್ಕ ಇರುವುದರಲ್ಲಿ. ಒಂದು ಹಿಡಿ ಶೇಂಗಾ, ಮೂವತ್ತು ಗ್ರಾಂ, 170 ಕ್ಯಾಲರಿ. ಶೇಂಗಾ ಹಿಂಡಿಯ ಮೇಲೆ ಎಣ್ಣೆ ಹಾಕಿಕೊಂಡರೆ ದೊಡ್ಡ ಚಮಚಕ್ಕೆ ಇನ್ನೊಂದು 120. ಬಿಸಿ ಅನ್ನದ ತುಪ್ಪ ಅಷ್ಟೇ. ದಿನಕ್ಕೆ 200 ಕ್ಯಾಲರಿ ಹೆಚ್ಚಾದರೆ ತಿಂಗಳಿಗೆ 6,000. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700. ಮೈಯ ಲೆಕ್ಕ ಕಿರಾಣಿ ಚೀಟಿಯಷ್ಟು ಸರಳವಲ್ಲ, ಆದರೂ ಮಾವನ ಒಂಬತ್ತು ಕಿಲೋ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಾಗಿಲ್ಲ.

ಎಣ್ಣೆಯ ಡಬ್ಬ ನೋಡಿದೆ. ಐದು ಜನರ ಮನೆಗೆ ತಿಂಗಳಿಗೆ ಐದು ಕಿಲೋ, ತಲೆಗೆ ದಿನಕ್ಕೆ 33 ಗ್ರಾಂ, ಅಂದರೆ 300 ಕ್ಯಾಲರಿ ಎಣ್ಣೆಯಿಂದಲೇ. ಹಿಂದೆ ಈ ಸೀಮೆಯ ಎಣ್ಣೆ ಕುಸುಬಿಯದು, ಹಿಂಗಾರಿ ಜೋಳದ ಹೊಲದ ಸಾಲುಗಳಲ್ಲಿ ಮುಳ್ಳು ಚಾಚಿ ನಿಂತ ಅರಿಸಿನ ಹೂವಿನದು. ರಕ್ತನಾಳಕ್ಕೆ ಅದು ಪಾಮ್ ಎಣ್ಣೆಗಿಂತ, ಡಾಲ್ಡಾಕ್ಕಿಂತ ಮೇಲು. ಡಾಲ್ಡಾದಂಥ ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ 2 ಪ್ರತಿಶತ ಮೀರಬಾರದೆಂದು 2022ರ ಜನವರಿಯಿಂದ ಕಾನೂನು ಇದೆ. ವಾಡಿ ಸ್ಟೇಷನ್ ಹೊರಗೆ ಬೆಳಗ್ಗಿನಿಂದ ಕಾಯುತ್ತಿರುವ ಬಾಣಲೆಯ ಎಣ್ಣೆಗೆ ಯಾವ ಕಾನೂನು ತಲುಪುತ್ತದೆ? ಕಸಿಯಾದವರಿಗೆ ಆ ಮಿರ್ಚಿ ಭಜಿ ಎರಡು ಪಟ್ಟು ಕೆಡುಕು. ಕೊಬ್ಬು ಒಂದು, ಜೊತೆಗಿನ ಹಸಿ ಚಟ್ನಿ, ತೆರೆದ ನೀರಿನಿಂದ ಸೋಂಕು ಇನ್ನೊಂದು. ಉಪ್ಪು ರಕ್ತದೊತ್ತಡಕ್ಕೆ, ಹೋಳಿಗೆ ಸಕ್ಕರೆಗೆ. ಎಳ್ಳಮಾಸಿ ದಿನ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ ತಿನ್ನುವುದನ್ನು ಬಿಡು ಎಂದು ಯಾರಾದರೂ ಹೇಳಿದರೆ ನಾನೇ ಒಪ್ಪುವುದಿಲ್ಲ. ವರ್ಷಕ್ಕೊಂದು ಎಳ್ಳಮಾಸಿ ಯಾರನ್ನೂ ಕೊಲ್ಲದು. ದಿನಾ ಎಳ್ಳಮಾಸಿ ಮಾಡುವುದು ಬೇಡ.

ನಡಿಗೆಯ ಮಾತು ಬಂದಾಗ ಮಾವ ಹೊರಗೆ ಕೈ ತೋರಿಸಿದರು. ಮೇ ತಿಂಗಳ ನಲವತ್ತೆರಡು ಡಿಗ್ರಿ, ಬೂದು ದೂಳು, ಲಾರಿಗಳು. ಇದು ನೆಪವಲ್ಲ. ಬೆಂಗಳೂರಿನ ಪಾರ್ಕು ಮನಸ್ಸಲ್ಲಿಟ್ಟುಕೊಂಡು ‘ದಿನಾ ನಲವತ್ತು ನಿಮಿಷ ವಾಕ್’ ಎಂದು ಬರೆಯುವವರು ಶಹಾಬಾದದ ಫರ್ಸಿ ಗಣಿಯ ರಸ್ತೆಯಲ್ಲಿ ಒಮ್ಮೆ ನಡೆಯಬೇಕು. ಚಂದ್ರಂಪಳ್ಳಿ ಕಾಡಿನ ಗಾಳಿ ಇರುವ ಚಿಂಚೋಳಿಯವರ ಭಾಗ್ಯ ಬೇರೆ. ಸೇಡಂನವರಿಗೆ ಉಳಿದದ್ದು ಬೆಳಿಗ್ಗೆ ಐದೂವರೆ, ಲಾರಿಗಳು ಏಳುವ ಮುಂಚೆ, ರೈಲ್ವೆ ಪ್ಲಾಟ್‌ಫಾರ್ಮು. ಉದ್ದವಿದೆ, ಸಮತಟ್ಟಿದೆ, ಕೂರಲು ಬೆಂಚಿದೆ. ಪ್ಲಾಟ್‌ಫಾರ್ಮ್ ಟಿಕೆಟ್ ಕೇಳಿದರೆ ಏನು ಮಾಡುವುದು ಎಂಬುದು ಮಾವನ ದೊಡ್ಡ ಚಿಂತೆಯಾಗಿತ್ತು.

ಆರು ತಿಂಗಳ ಮೇಲೆ ಮತ್ತೆ ಹೋದೆ, ಈ ಸಲ ಬರಿಗೈಯಲ್ಲಿ. ಲಿಪಿಡ್ ಪರೀಕ್ಷೆ ಮಾಡಿಸಿ, ಡಾಕ್ಟರು ಸಣ್ಣ ಡೋಸಿನ ಸ್ಟಾಟಿನ್ ಶುರು ಮಾಡಿ, ಸ್ಟೀರಾಯ್ಡ್ ಇನ್ನೂ ಸ್ವಲ್ಪ ಇಳಿಸಿದ್ದರು. ತಿಂಗಳ ಒಂದನೇ ತಾರೀಖು ಮಾವ ತೊಗರಿ ಅಂಗಡಿಗೆ ಹೋಗಿ ತೂಗಿಸಿಕೊಳ್ಳುತ್ತಾರೆ; ಅಂಗಡಿಯವನು ಚೀಲದ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತಾನೆ. ಅವತ್ತು ನಾವೂ ಹೋದೆವು.

‘ಕಾಕಾ, ಇವತ್ತ ಖಾಲಿ ಗಾಡಿನೋ, ಲೋಡೋ?’

‘ಏ, ನೋಡಿ ಹೇಳಲೇ.’

68. ಮಾವ ಕೆಳಗಿಳಿದು, ಸೆರಗು ಹೊದ್ದು ಹಿಂದೆ ನಿಂತಿದ್ದ ಅತ್ತಿಯ ಕಡೆ ತಿರುಗಿ ‘ನೀನೂ ಏರು’ ಎಂದರು. ಒಂದೇ ಕಿಡ್ನಿಯ ಮೇಲೆ ಬದುಕುವವರು ತೂಕ ಏರಿಸಿಕೊಂಡರೆ ಬಿಪಿ, ಸಕ್ಕರೆ ಎರಡೂ ಕಾಯುತ್ತಿರುತ್ತವೆ, ದಾನಿಯೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ನಾನು ಮನೆಯಲ್ಲಿ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ‘ನಂಗೇನಾಗ್ಯಾದ, ನಾ ಗಟ್ಟಿ ಅದೀನಿ’ ಎನ್ನುತ್ತಲೇ ಅತ್ತಿ ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಚೀಲವನ್ನು ನನಗೆ ಕೊಟ್ಟು ಕಾಂಟಾ ಏರಿದರು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಅಲ್ಲಾಡಿ 73ಕ್ಕೆ ನಿಂತವು. ಅಂಗಡಿಯವನು ಪುಸ್ತಕದಲ್ಲಿ ಗೆರೆ ಎಳೆದು ಇನ್ನೊಂದು ಸಾಲು ಮಾಡಿಕೊಂಡ.